ಜ್ಞಾನೋಕ್ತಿ 22:6ರ ಮೂಲದಲ್ಲಿಲ್ಲದ ಒಂದು ‘ಬೇಕು’

ಮಕ್ಕಳನ್ನು ಬೆಳೆಸುವ ಮಾತು ಬಂದಲ್ಲೆಲ್ಲ ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ 22:6 ಬರುತ್ತದೆ. ನಡೆಯಬೇಕಾದ ದಾರಿಯಲ್ಲಿ ಮಗುವನ್ನು ತಿದ್ದಿ ಬೆಳೆಸಿದರೆ ಮುಪ್ಪಿನಲ್ಲೂ ಅದು ದಾರಿ ತಪ್ಪುವುದಿಲ್ಲ ಎಂಬ ಭರವಸೆಯಾಗಿ ಅದನ್ನು ಹೇಳುತ್ತಾರೆ. ಮಗ ಮನೆಬಿಟ್ಟು ಹೋದ ತಾಯಿಗೆ, ಮಗಳ ಬದುಕು ಹಳಿ ತಪ್ಪಿತೆಂದು ಕೊರಗುವ ತಂದೆಗೆ ಇದೇ ಪದ್ಯ ಆರೋಪವಾಗಿಯೂ ಕೇಳಿಸುತ್ತದೆ: ನೀವು ಸರಿಯಾಗಿ ಬೆಳೆಸಿದ್ದರೆ ಹೀಗಾಗುತ್ತಿತ್ತೇ? ಇಷ್ಟು ಭಾರ ಹೊರಿಸುವ ಪದ್ಯವನ್ನು ಮೂಲದಲ್ಲಿ ಒಂದೊಂದೇ ಪದವಾಗಿ ನೋಡಲೇಬೇಕು. ನೋಡಿದರೆ, ‘ನಡೆಯಬೇಕಾದ’ ಎಂಬ ಮಾತು ಅಲ್ಲಿಲ್ಲ. ‘ಮಗು’ ಎಂಬುದೂ ಖಚಿತವಲ್ಲ. ಮೊದಲ ಕ್ರಿಯಾಪದವಂತೂ ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಜಾತಿಯದು.

ಹೀಬ್ರೂ ಪಾಠ ಹೀಗಿದೆ:

ಹನೋಖ್ ಲನ್ನಅರ್ ಅಲ್‑ಪೀ ದರ್ಕೋ
ಗಮ್ ಕೀ‑ಯಜ್ಕೀನ್ ಲೋ‑ಯಾಸೂರ್ ಮಿಮ್ಮೆನ್ನಾ

ಒಟ್ಟು ಹನ್ನೊಂದು ಪದ. ಅಡ್ಡಗೆರೆಯಿಂದ ಜೋಡಿಸಿದ ಎರಡು ಪದಗಳಿಗೆ ಸೇರಿ ಒಂದೇ ಒತ್ತು, ಹಾಗಾಗಿ ಮೊದಲ ಸಾಲಿನಲ್ಲಿ ನಾಲ್ಕು ಒತ್ತು, ಎರಡನೆಯದರಲ್ಲಿ ನಾಲ್ಕು. ‘ದರ್ಕೋ’ ಪದದ ಅಡಿಯಲ್ಲಿ ಮಸೋರೆಟ್ ಪಂಡಿತರು (ಹೀಬ್ರೂ ಪಾಠಕ್ಕೆ ಸ್ವರ, ವಿರಾಮಗಳ ಗುರುತು ಹಾಕಿದವರು) ‘ಅತ್ನಾಹ್’ ಎಂಬ ವಿರಾಮಚಿಹ್ನೆ ಇಟ್ಟಿದ್ದಾರೆ. ಪದ್ಯ ಒಡೆಯುವುದು ಅಲ್ಲೇ. ಎರಡು ಸಾಲುಗಳ ನಡುವೆ ‘ಮತ್ತು’ ಎಂದಾಗಲಿ ‘ಆದಕಾರಣ’ ಎಂದಾಗಲಿ ಇಲ್ಲ. ಮೊದಲ ಸಾಲು ಒಂದು ಆಜ್ಞೆ, ಎರಡನೆಯದು ಒಂದು ಸಂಗತಿ. ಎರಡಕ್ಕೂ ನಂಟು ಕಟ್ಟುವುದು ಓದುಗನ ಕೆಲಸ.

ಪದ ಬಿಡಿಸಿ ಕನ್ನಡದಲ್ಲಿ ಸಾಲಾಗಿ ಇಟ್ಟರೆ: ತೊಡಗಿಸು – ಹುಡುಗನಿಗೆ – ಬಾಯಿಯ ಮೇಲೆ – ಅವನ ದಾರಿಯ, ಕೂಡ – ಮುದುಕನಾದಾಗ – ಸರಿಯನು – ಅದರಿಂದ. ಒರಟಾಗಿದೆ, ಇರಲಿ. ಈ ಹಂತದಲ್ಲಿ ನಯ ಮಾಡಲು ಹೋದರೆ ಯಾರದೋ ವ್ಯಾಖ್ಯಾನ ಒಳಗೆ ನುಸುಳಿಬಿಡುತ್ತದೆ.

ಮುಂದಿನ ಹೆಜ್ಜೆ ಪದಕೋಶ ತೆರೆಯುವುದಲ್ಲ, ಪದಾನುಕ್ರಮಣಿಕೆ ತೆರೆಯುವುದು. ಪದಕೋಶ ಅರ್ಥಗಳ ಪಟ್ಟಿ ಕೊಡುತ್ತದೆ. ಓದುಗ ಅದರಲ್ಲಿ ತನಗೆ ಹಿಡಿಸಿದ್ದನ್ನು ಆರಿಸಿಕೊಳ್ಳುತ್ತಾನೆ. ಆ ಪದ ಬೇರೆಲ್ಲಿ, ಯಾವುದರ ಜೊತೆ, ಎಷ್ಟು ಸಲ ಬಂದಿದೆ ಎಂಬುದನ್ನು ಅನುಕ್ರಮಣಿಕೆ ತೋರಿಸುತ್ತದೆ.

‘ಹನೋಖ್’ ವಿಷಯದಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಈ ಕ್ರಿಯಾಪದ (ಮೂಲರೂಪ ‘ಹನಾಖ್’) ಇಡೀ ಹೀಬ್ರೂ ಬೈಬಲಿನಲ್ಲಿ ಬರುವುದು ಐದೇ ಸಲ. ಧರ್ಮೋಪದೇಶಕಾಂಡ 20:5ರಲ್ಲಿ ಎರಡು, 1 ಅರಸುಗಳು 8:63ರಲ್ಲಿ ಒಂದು, 2 ಪೂರ್ವಕಾಲವೃತ್ತಾಂತ 7:5ರಲ್ಲಿ ಒಂದು, ಐದನೆಯದು ನಮ್ಮ ಪದ್ಯದಲ್ಲಿ. ಮೊದಲ ನಾಲ್ಕೂ ಕಟ್ಟಡಗಳ ಬಗ್ಗೆ. ಅರಸುಗಳು ಮತ್ತು ಪೂರ್ವಕಾಲವೃತ್ತಾಂತದಲ್ಲಿ ಸೊಲೊಮೋನ ಕಟ್ಟಿಸಿದ ದೇವಾಲಯದ ಪ್ರತಿಷ್ಠೆ. ಧರ್ಮೋಪದೇಶಕಾಂಡದಲ್ಲಿ ಮಾತ್ರ ಸಾಮಾನ್ಯನೊಬ್ಬನ ಮನೆ, ಮತ್ತು ಪದದ ಹುರುಳು ತಿಳಿಯುವುದು ಅಲ್ಲಿಯೇ. ಯುದ್ಧಕ್ಕೆ ಹೊರಟ ಸೈನ್ಯದ ಮುಂದೆ ಅಧಿಕಾರಿಗಳು ಹೇಳುವ ಮಾತು ಅದು: ಹೊಸ ಮನೆ ಕಟ್ಟಿ ಇನ್ನೂ ‘ಹನಾಖ್’ ಮಾಡದವನಿದ್ದರೆ ತಿರುಗಿ ಹೋಗಲಿ, ಅವನು ಸತ್ತು ಬೇರೆಯವನು ಅದನ್ನು ‘ಹನಾಖ್’ ಮಾಡುವಂತಾಗಬಾರದು. ಮುಂದಿನ ಎರಡು ಪದ್ಯಗಳು ಇದೇ ಅಚ್ಚಿನವು. ದ್ರಾಕ್ಷಿತೋಟ ನೆಟ್ಟು ಇನ್ನೂ ಫಲ ಉಣ್ಣದವನು, ಹೆಣ್ಣು ಗೊತ್ತುಮಾಡಿಕೊಂಡು ಇನ್ನೂ ಮದುವೆಯಾಗದವನು. ಮೂರನ್ನೂ ಒಟ್ಟಿಗೆ ಇಟ್ಟರೆ ‘ಹನಾಖ್’ ಎಂದರೆ ಸಿದ್ಧವಾಗಿರುವುದನ್ನು ಮೊದಲ ಬಾರಿ ಬಳಕೆಗೆ ತರುವುದು, ಅದರ ಕೆಲಸಕ್ಕೆ ಅದನ್ನು ತೊಡಗಿಸುವುದು ಎಂಬುದು ಕಣ್ಣಿಗೆ ಕಟ್ಟುತ್ತದೆ. ವರ್ಷಗಟ್ಟಲೆ ತಿದ್ದುವ ಅರ್ಥ ಅಲ್ಲೆಲ್ಲೂ ಇಲ್ಲ. ಅದು ಹೊಸ್ತಿಲಿನ ಪದ.

ಇದೇ ಧಾತುವಿನ ನಾಮಪದ ‘ಹನುಕ್ಕಾ’. ಅರಣ್ಯಕಾಂಡ 7ರಲ್ಲಿ ಬಲಿಪೀಠದ ಪ್ರತಿಷ್ಠೆಗೂ ನೆಹೆಮೀಯ 12:27ರಲ್ಲಿ ಜೆರುಸಲೇಮಿನ ಗೋಡೆಯ ಪ್ರತಿಷ್ಠೆಗೂ ಈ ಪದವೇ. ಮನುಷ್ಯರ ವಿಷಯಕ್ಕೆ ಬಂದರೆ ಆದಿಕಾಂಡ 14:14ರಲ್ಲಿ ‘ಹನೀಖ್’ ಎಂಬ ನಾಮಪದ ಒಂದೇ ಒಂದು ಸಲ ಬರುತ್ತದೆ. ಲೋಟನನ್ನು ಬಿಡಿಸಲು ಅಬ್ರಾಮ ಕರೆದುಕೊಂಡು ಹೋದ, ಅವನ ಮನೆಯಲ್ಲೇ ಹುಟ್ಟಿದ 318 ಜನ. ಅವರು ಕತ್ತಿ ಹಿಡಿದು ರಾತ್ರಿದಾಳಿಗೆ ಹೊರಟವರು, ತೊಟ್ಟಿಲ ಮಕ್ಕಳಲ್ಲ.

ಇಲ್ಲಿ ಮೂರು ತಪ್ಪುಗಳು ಮತ್ತೆಮತ್ತೆ ಆಗುತ್ತವೆ. ಮೊದಲನೆಯದು, ಇಂದಿನ ಹೀಬ್ರೂ ಭಾಷೆಯಲ್ಲಿ ‘ಹಿನ್ನೂಖ್’ ಎಂದರೆ ಶಿಕ್ಷಣ ಎಂದು ತಿಳಿದು ಅದನ್ನೇ ಹಳೆಯ ಪದ್ಯಕ್ಕೆ ಹಚ್ಚುವುದು. ಆ ಅರ್ಥ ಬೆಳೆದದ್ದೇ ಆಮೇಲೆ, ಬಹುಮಟ್ಟಿಗೆ ಈ ಪದ್ಯದ ಬಲದಿಂದ. ಎರಡನೆಯದು ಇನ್ನೂ ಜನಪ್ರಿಯ: ಅರಬ್ಬಿಯಲ್ಲಿ ‘ಹನಕ್’ ಎಂದರೆ ಅಂಗುಳ, ನವಜಾತ ಶಿಶುವಿನ ಅಂಗುಳಿಗೆ ಖರ್ಜೂರ ಸವರುವುದಕ್ಕೆ ‘ತಹ್ನೀಕ್’ ಎನ್ನುತ್ತಾರೆ, ಆದ್ದರಿಂದ ಈ ಪದ್ಯ ಮಗುವಿಗೆ ಸತ್ಯದ ರುಚಿ ಹಚ್ಚು ಎನ್ನುತ್ತದೆ ಎಂಬ ವಿವರಣೆ. ಕೇಳಲು ಹಿತವಾಗಿದೆ. ಆದರೆ ಬೈಬಲಿನ ಐದು ಪ್ರಯೋಗಗಳಲ್ಲಿ ಅಂಗುಳಿನ ಸುಳಿವೇ ಇಲ್ಲ. ದೇವಾಲಯಕ್ಕೆ ಯಾರೂ ಖರ್ಜೂರ ಸವರಲಿಲ್ಲ. ಪದದ ಅರ್ಥವನ್ನು ಅದರ ಹುಟ್ಟಿನಿಂದಲ್ಲ, ಬಳಕೆಯಿಂದ ತಿಳಿಯಬೇಕು.

ಮೂರನೆಯದು ಕನ್ನಡದ್ದೇ. ಅನುವಾದದಲ್ಲಿ ‘ಶಿಕ್ಷಿಸು’ ಎಂಬ ಪದ ಎದುರಾದರೆ ಇಂದಿನ ಕನ್ನಡ ಕಿವಿಗೆ ಕೇಳಿಸುವುದು ದಂಡನೆ. ಹಳೆಯ ಬಳಕೆಯಲ್ಲಿ ಶಿಕ್ಷೆ ಎಂದರೆ ಕಲಿಸುವುದು. ಶಿಕ್ಷಕ, ಶಿಕ್ಷಣ ಪದಗಳಲ್ಲಿ ಅದು ಇನ್ನೂ ಉಳಿದಿದೆ. ಕ್ರಿಯಾಪದದಲ್ಲಿ ಮಾತ್ರ ಬೆತ್ತ ಒಳಗೆ ಬಂದುಬಿಟ್ಟಿದೆ. ಹೀಬ್ರೂವಿನಲ್ಲಿ ಶಿಸ್ತು, ದಂಡನೆಗೆ ‘ಮೂಸಾರ್’ ಎಂಬ ಬೇರೆ ಪದವಿದೆ. ಇದೇ ಅಧ್ಯಾಯದ 15ನೇ ಪದ್ಯದಲ್ಲಿ ಅದು ಬೆತ್ತದ ಜೊತೆಯಲ್ಲೇ ಬರುತ್ತದೆ. ಅಲ್ಲಿ ಬಳಸಿದವರು 6ನೇ ಪದ್ಯದಲ್ಲಿ ಅದನ್ನು ಬಳಸಲಿಲ್ಲ. 22:6ನ್ನು ಹಿಡಿದು ಮಗುವಿನ ಮೇಲೆ ಕೈಯೆತ್ತುವವರಿಗೆ ಈ ಪದ್ಯದಲ್ಲಿ ಯಾವ ಆಧಾರವೂ ಇಲ್ಲ.

ವ್ಯಾಕರಣದ ಸಣ್ಣದೊಂದು ಸಂಗತಿ. ದೇವಾಲಯದ ಪ್ರಸಂಗದಲ್ಲಿ ಈ ಕ್ರಿಯಾಪದಕ್ಕೆ ನೇರ ಕರ್ಮವಿದೆ. ಇಲ್ಲಿ ಮಾತ್ರ ‘ಲ’ ಎಂಬ ಪ್ರತ್ಯಯ: ‘ಲನ್ನಅರ್’, ಹುಡುಗನಿಗೆ. ‘ಹುಡುಗನನ್ನು ತೊಡಗಿಸು’ ಎಂದು ಓದಬಹುದು, ‘ಹುಡುಗನಿಗೆ ಆರಂಭ ಮಾಡಿಕೊಡು’ ಎಂದೂ ಓದಬಹುದು. ಇದರ ಮೇಲೆ ದೊಡ್ಡ ಕಟ್ಟಡ ಕಟ್ಟಲಾಗದು, ಆದರೆ ಎರಡನೆಯ ಓದು ಹೊಸ್ತಿಲಿನ ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ.

‘ನಅರ್’ ಯಾರು? ವಿಮೋಚನಕಾಂಡ 2:6ರಲ್ಲಿ ಬುಟ್ಟಿಯೊಳಗೆ ಅಳುತ್ತಿದ್ದ ಮೂರು ತಿಂಗಳ ಮೋಶೆ ನಅರ್. ಆದಿಕಾಂಡ 37:2ರಲ್ಲಿ ಹದಿನೇಳು ವರ್ಷದ ಯೋಸೇಫ ನಅರ್. 2 ಸಮುವೇಲ 9ರಲ್ಲಿ ಸೌಲನ ಮನೆಯ ಸೇವಕ ಚೀಬನಿಗೂ ಅದೇ ಪದ, ಅವನಿಗೋ ಹದಿನೈದು ಗಂಡುಮಕ್ಕಳು. ದಂಗೆಯೆದ್ದ ಮಗ ಅಬ್ಷಾಲೋಮನನ್ನು ಕೊಲ್ಲಬೇಡಿ ಎಂದು ದಾವೀದ ಬೇಡಿಕೊಳ್ಳುವಾಗ (2 ಸಮುವೇಲ 18:5) ಬಳಸುವ ರೂಪವೂ ಅಕ್ಷರ ಬದಲಾಗದೆ ‘ಲನ್ನಅರ್’. ಅಬ್ಷಾಲೋಮ ಆಗಲೇ ಮಕ್ಕಳ ತಂದೆ. ಹಾಗಾಗಿ ಪದದಿಂದ ವಯಸ್ಸು ಗೊತ್ತಾಗದು, ಪುಸ್ತಕದಿಂದ ಗೊತ್ತುಮಾಡಬೇಕು. ಜ್ಞಾನೋಕ್ತಿಗಳಲ್ಲಿ 1:4ರ ನಅರ್ ಬುದ್ಧಿ ಬಲಿಯದವರ ಸಾಲಿನಲ್ಲಿದ್ದಾನೆ, 7:7ರ ನಅರ್ ಸಂಜೆಗತ್ತಲಲ್ಲಿ ಪರಸ್ತ್ರೀಯ ಬೀದಿಗೆ ಕಾಲಿಡುತ್ತಾನೆ. ಇವನು ಮೀಸೆ ಚಿಗುರುವ ಹುಡುಗ. ಯೆಹೂದಿಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ಕೂಡ ಕಿದ್ದುಶೀನ್ ಎಂಬ ಭಾಗದ 30ನೇ ಹಾಳೆಯಲ್ಲಿ ಈ ಪದ್ಯವನ್ನೇ ಹಿಡಿದು ವಯಸ್ಸು ಚರ್ಚಿಸುತ್ತದೆ. ಯೆಹೂದಿ ಧರ್ಮಗುರುಗಳಾದ ರಬ್ಬಿ ಯೆಹೂದ ಮತ್ತು ರಬ್ಬಿ ನೆಹೆಮ್ಯಾ ಇವರಲ್ಲಿ ಒಬ್ಬರು 16ರಿಂದ 22 ಎಂದರು, ಇನ್ನೊಬ್ಬರು 18ರಿಂದ 24. ಅಲ್ಲಿ ಮಾತು ನಡೆದಿರುವುದು ಮಗನ ಮದುವೆಯ ವಿಷಯದಲ್ಲಿ. ಅಂಗನವಾಡಿ ವಯಸ್ಸಿನ ಕೂಸಿನ ಚಿತ್ರ ಹಾಕಿ ಈ ಪದ್ಯ ಬರೆಯುವ ರೂಢಿ ಆ ರಬ್ಬಿಗಳಿಗೆ ವಿಚಿತ್ರವಾಗಿ ಕಾಣುತ್ತಿತ್ತೇನೋ.

ಇನ್ನು ಪದ್ಯದ ಗಂಟು: ‘ಅಲ್‑ಪೀ ದರ್ಕೋ’.

‘ಪೆ’ ಎಂದರೆ ಬಾಯಿ. ಕನ್ನಡದಂತೆಯೇ ಹೀಬ್ರೂವಿನಲ್ಲೂ ಬಾವಿಗೆ, ಚೀಲಕ್ಕೆ, ಗವಿಗೆ ಬಾಯಿಯಿದೆ. ಅದರಿಂದ ಕೆಲವರು ‘ದಾರಿಯ ಬಾಯಲ್ಲಿ’, ಅಂದರೆ ಬದುಕಿನ ಆರಂಭದಲ್ಲಿ ಎಂದು ಓದುತ್ತಾರೆ. ಆದರೆ ‘ಅಲ್‑ಪೀ’ ಎಂಬ ಜೋಡಿ ಹೀಬ್ರೂವಿನಲ್ಲಿ ಸವೆದು ನುಡಿಗಟ್ಟಾಗಿದೆ. ಫರೋಹನ ಅಪ್ಪಣೆಯಂತೆ (ಆದಿಕಾಂಡ 45:21), ಇಬ್ಬರು ಸಾಕ್ಷಿಗಳ ಮಾತಿನ ಮೇರೆಗೆ (ಧರ್ಮೋಪದೇಶಕಾಂಡ 17:6), ಚೀಟು ಬಿದ್ದ ಪ್ರಕಾರ (ಅರಣ್ಯಕಾಂಡ 26:56): ಇಲ್ಲೆಲ್ಲ ಅದು ‘ಪ್ರಕಾರ, ತಕ್ಕಂತೆ’. ದಾರಿಯ ಆರಂಭ ಎನ್ನಬೇಕಿದ್ದರೆ ಕವಿಯ ಕೈಯಲ್ಲೇ ಸಿದ್ಧ ಮಾತೊಂದಿತ್ತು. ಜ್ಞಾನೋಕ್ತಿಗಳು 8:22ರಲ್ಲಿ ‘ರೇಶೀತ್ ದರ್ಕೋ’ ಎಂದಿದೆ, ಅವನ ದಾರಿಯ ಮೊದಲು ಎಂದು. ಅದನ್ನು ಬಿಟ್ಟು ‘ಅಲ್‑ಪೀ’ ಹಾಕಿದ್ದಾನೆ. ಆದ್ದರಿಂದ ಆರಂಭದ ಅರ್ಥವನ್ನು ‘ಹನೋಖ್’ ಹೊರುತ್ತದೆ, ‘ಪೀ’ ಅಲ್ಲ.

‘ದೆರೆಖ್’ ಎಂದರೆ ದಾರಿ, ‘ದರ್ಕೋ’ ಎಂದರೆ ಅವನ ದಾರಿ. ಅಷ್ಟೇ. ಒಳ್ಳೆಯ ಎಂದಿಲ್ಲ, ಸರಿಯಾದ ಎಂದಿಲ್ಲ, ಬೇಕಾದ ಎಂದಿಲ್ಲ. 1611ರ ಇಂಗ್ಲಿಷ್ ಅನುವಾದದ ‘ಬೇಕಾದ’ ಲೋಕವೆಲ್ಲ ಹಬ್ಬಿತು. ‘ದರ್ಕೋ’ ಎಂಬ ರೂಪವನ್ನೇ ಪುಸ್ತಕದೊಳಗೆ ಹುಡುಕಿದರೆ ಏನು ಸಿಗುತ್ತದೆ ನೋಡಿ. 11:5ರಲ್ಲಿ ನಿರ್ದೋಷಿಯ ದಾರಿಯನ್ನು ಅವನ ನೀತಿ ನೇರಮಾಡುತ್ತದೆ. 14:8ರಲ್ಲಿ ಜಾಣ ತನ್ನ ದಾರಿಯನ್ನು ವಿವೇಚಿಸುತ್ತಾನೆ. 16:9ರಲ್ಲಿ ಮನುಷ್ಯ ತನ್ನ ದಾರಿಯನ್ನು ಯೋಚಿಸುತ್ತಾನೆ, ಹೆಜ್ಜೆ ಗೊತ್ತುಮಾಡುವವನು ದೇವರು. 19:3ರಲ್ಲಿ ಮೂರ್ಖತನ ಮನುಷ್ಯನ ದಾರಿಯನ್ನು ಕೆಡಿಸುತ್ತದೆ. 20:24ರಲ್ಲಿ ತನ್ನ ದಾರಿ ಮನುಷ್ಯನಿಗೇ ತಿಳಿಯದು. ‘ಅವನ ದಾರಿ’ ಒಳ್ಳೆಯದಾಗಿರಬಹುದು, ಕೆಟ್ಟದ್ದಾಗಿರಬಹುದು, ಮಬ್ಬಾಗಿರಬಹುದು. ಬಣ್ಣ ಬರುವುದು ಪಕ್ಕದ ಪದಗಳಿಂದ. ನಮ್ಮ ಪದ್ಯದ ಸಾಲಿನೊಳಗೆ ಬಣ್ಣ ಕೊಡುವ ಪದವೇ ಇಲ್ಲ.

ಈ ಖಾಲಿ ಜಾಗವನ್ನು ಓದುಗರು ತಲೆಮಾರಿನಿಂದ ತಲೆಮಾರಿಗೆ ತುಂಬುತ್ತ ಬಂದಿದ್ದಾರೆ. ಒಂದು ಓದು ನೀತಿಯ ದಾರಿ ಎನ್ನುತ್ತದೆ. 1ರಿಂದ 9ನೇ ಅಧ್ಯಾಯದವರೆಗೆ ಎರಡು ದಾರಿಗಳ ಮಾತೇ ಇರುವುದರಿಂದ ಇದಕ್ಕೆ ಬಲವಿದೆ, ಆದರೆ ಆಗ ‘ಅವನ’ ಎಂಬ ಪ್ರತ್ಯಯ ದಂಡವಾಗುತ್ತದೆ. ಇನ್ನೊಂದು ಓದು ಹುಡುಗನ ಸ್ವಭಾವ, ಒಲವು ಎನ್ನುತ್ತದೆ. 30:19ರಲ್ಲಿ ಆಕಾಶದ ಹದ್ದಿಗೆ, ಬಂಡೆಯ ಮೇಲಿನ ಹಾವಿಗೆ, ಕಡಲಿನ ಹಡಗಿಗೆ ಅದರದರ ‘ದೆರೆಖ್’ ಇದೆಯಲ್ಲ, ಹಾಗೆ. 19ನೇ ಶತಮಾನದ ಜರ್ಮನಿಯ ರಬ್ಬಿ ಸಾಮ್ಸನ್ ರಫಾಯೆಲ್ ಹಿರ್ಶ್ ಈ ಓದಿನ ಬಲದಿಂದಲೇ ಒಂದು ಧೈರ್ಯದ ಮಾತು ಹೇಳಿದರು: ಏಸಾವ ಮತ್ತು ಯಾಕೋಬ ಬೇರೆಬೇರೆ ಸ್ವಭಾವದವರು, ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಬೆಳೆಸಿದ್ದು ಇಸಾಕ ರೆಬೆಕ್ಕರ ತಪ್ಪು. ಹೃದಯ ಒಪ್ಪುವ ಮಾತು, ನನಗೂ ಪ್ರಿಯವಾದದ್ದು. ಆದರೆ ಜ್ಞಾನೋಕ್ತಿಗಳು ಬೇರೆಲ್ಲೂ ಮಗುವಿನ ವೈಯಕ್ತಿಕ ಒಲವಿನ ಬಗ್ಗೆ ಮಾತಾಡುವುದಿಲ್ಲ. ಪಾಠವಾಗಿ ಒಪ್ಪಬಹುದು, ಪದ್ಯದ ಮೊದಲ ಅರ್ಥ ಎನ್ನಲಾರೆ.

ಮೂರನೆಯ ಓದು ಇದನ್ನು ಎಚ್ಚರಿಕೆ ಎಂದು ಹಿಡಿಯುತ್ತದೆ: ಹುಡುಗನನ್ನು ಅವನಿಷ್ಟದ ದಾರಿಗೆ ಬಿಟ್ಟುನೋಡು, ಮುದುಕನಾದರೂ ಅದನ್ನು ಬಿಡಲಾರ! ಮೊದಲು ಕೇಳಿದಾಗ ತಿರುಚಿದಂತೆ ತೋರುತ್ತದೆ, ಆದರೆ ಸಾಕ್ಷ್ಯ ಹಗುರವಲ್ಲ. ಹೀಗೆ ತಿರುಗುಮುರುಗಾದ ಆಜ್ಞೆ ಇದೇ ಪುಸ್ತಕದ 19:27ರಲ್ಲಿದೆ: ನನ್ನ ಮಗನೇ, ಉಪದೇಶ ಕೇಳುವುದನ್ನು ನಿಲ್ಲಿಸು, ಅರಿವಿನ ಮಾತು ಬಿಟ್ಟು ಅಲೆಯಲು. 22:15ರ ಪ್ರಕಾರ ನಅರನ ಎದೆಯಲ್ಲಿ ಮೂರ್ಖತನ ಕಟ್ಟಿಕೊಂಡೇ ಇದೆ. 29:15ರ ಪ್ರಕಾರ ತನ್ನಷ್ಟಕ್ಕೆ ಬಿಟ್ಟ ನಅರ್ ತಾಯಿಗೆ ಅವಮಾನ ತರುತ್ತಾನೆ. ಹಿಂದಿನ ಪದ್ಯವಾದ 22:5ರಲ್ಲಿ ‘ದೆರೆಖ್’ ಇದೆ, ಅದು ವಕ್ರನ ದಾರಿ, ಮುಳ್ಳು ಉರುಲುಗಳ ದಾರಿ. ಇದಕ್ಕೆ ಎದುರು ನಿಲ್ಲುವುದು ‘ಹನೋಖ್’. ಬೇರೆ ನಾಲ್ಕೂ ಕಡೆ ಅದು ಗೌರವದ, ಸಂಭ್ರಮದ ಪದ. ಇಲ್ಲಿ ಮಾತ್ರ ವ್ಯಂಗ್ಯ ಎನ್ನಲು ಒಂದು ಗುರುತಾದರೂ ಬೇಕಿತ್ತು.

ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಚಿಕ್ಕದಾಗಿ ಬರೆದದ್ದು ನನ್ನ ಮಟ್ಟಿಗೆ ಪಾಠಕ್ಕೆ ಎಲ್ಲಕ್ಕಿಂತ ಹತ್ತಿರ: ಹುಡುಗನಿಗೆ ನೀನು ಏನನ್ನು ಕಲಿಸಿ ರೂಢಿಸುತ್ತೀಯೋ, ಒಳಿತಿಗಾಗಲಿ ಕೆಡುಕಿಗಾಗಲಿ, ಮುದುಕನಾದರೂ ಅದರಿಂದ ಸರಿಯನು. ‘ಒಳಿತಿಗಾಗಲಿ ಕೆಡುಕಿಗಾಗಲಿ’ ಎಂಬಷ್ಟರಲ್ಲಿ ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಉಳಿಸಿದ್ದಾರೆ. ಪದ್ಯ ಮಾತಾಡುತ್ತಿರುವುದು ಯಾವ ದಾರಿ ಎಂಬುದರ ಬಗ್ಗೆ ಅಲ್ಲ, ಆರಂಭಕ್ಕೆ ಇರುವ ಹಿಡಿತದ ಬಗ್ಗೆ.

ಎರಡನೆಯ ಸಾಲು ಸರಳ. ‘ಯಜ್ಕೀನ್’ ಎಂಬ ಈ ಪ್ರೇರಣಾರ್ಥಕ ಅಚ್ಚಿನ ಕ್ರಿಯಾಪದ ಇನ್ನೊಂದೇ ಕಡೆ ಬರುತ್ತದೆ, ಯೋಬ 14:8ರಲ್ಲಿ. ಅಲ್ಲಿ ಮುದಿಯಾಗುವುದು ಕಡಿದ ಮರದ ಬೇರು, ನೆಲದೊಳಗೆ. ಆ ಚಿತ್ರ ಮನಸ್ಸಿನಲ್ಲಿಟ್ಟು ಓದಿದರೆ ನಮ್ಮ ಸಾಲಿಗೆ ಆಳ ಬರುತ್ತದೆ. ‘ಮಿಮ್ಮೆನ್ನಾ’, ಅದರಿಂದ, ಸ್ತ್ರೀಲಿಂಗ ರೂಪ. ಅದು ತೋರಿಸುವುದು ದಾರಿಯನ್ನು. ದೆರೆಖ್ ಪದ ಹೀಬ್ರೂವಿನಲ್ಲಿ ಎರಡು ಲಿಂಗದಲ್ಲೂ ಬರುತ್ತದೆ. ಹಾಗಾಗಿ ಉಪದೇಶದಿಂದ ಸರಿಯನು, ದೇವರಿಂದ ಸರಿಯನು ಎಂಬ ವಿಸ್ತರಣೆಗಳಿಗೆ ವ್ಯಾಕರಣ ಒಪ್ಪುವುದಿಲ್ಲ.

ಪಾಠದ ಇತಿಹಾಸವನ್ನೂ ಒಮ್ಮೆ ನೋಡಿಬಿಡಬೇಕು. ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಿ ಈ ಪದ್ಯವೇ ಇಲ್ಲ. 5ರಿಂದ ಮಾತು ನೇರ 7ಕ್ಕೆ ಹೋಗುತ್ತದೆ. ಜೆರೋಮ್ 4ನೇ ಶತಮಾನದ ಕೊನೆಯಲ್ಲಿ ಲ್ಯಾಟಿನ್‌ಗೆ ತಂದಾಗ ‘ಹನೋಖ್’ ಇರಬೇಕಾದಲ್ಲಿ ‘ಇದೊಂದು ಗಾದೆ’ ಎಂದು ಬರೆದರು: ಯುವಕ ತನ್ನ ದಾರಿಯಂತೆ, ಮುದುಕನಾದರೂ ಅದರಿಂದ ಸರಿಯನು. ಅಲ್ಲಿ ತಂದೆತಾಯಿಗೆ ಆಜ್ಞೆಯೇ ಇಲ್ಲ. ವಲ್ಗೇಟ್ ಎಂಬ ಈ ಲ್ಯಾಟಿನ್ ಬೈಬಲ್ ಓದಿ ಬೆಳೆದ ಎಷ್ಟೋ ತಲೆಮಾರುಗಳ ಮುಂದೆ ಈ ಪದ್ಯ ಹೆತ್ತವರ ಕರ್ತವ್ಯಪಟ್ಟಿಯಾಗಿ ನಿಲ್ಲಲೇ ಇಲ್ಲ.

ಭರವಸೆಯ ಪ್ರಶ್ನೆಗೆ ಬರೋಣ. ಈ ಪದ್ಯ ‘ಮಾಶಾಲ್’ ಜಾತಿಯದು, ಅಂದರೆ ಗಾದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವಾಗ ನಾವು ಕರಾರುಪತ್ರ ಬರೆದುಕೊಡುವುದಿಲ್ಲ, ಲೋಕ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇವೆ. ಹೀಬ್ರೂ ಜ್ಞಾನಿಗಳಿಗೂ ಇದು ಗೊತ್ತಿತ್ತು. ಮೂರ್ಖನಿಗೆ ಉತ್ತರ ಕೊಡಬೇಡ ಎಂದು 26:4ರಲ್ಲಿ, ಉತ್ತರ ಕೊಡು ಎಂದು 26:5ರಲ್ಲಿ, ಪಕ್ಕಪಕ್ಕದಲ್ಲೇ ಇಟ್ಟರು. ಮಗ ಕೇಳದೆ ಹೋಗಬಹುದು ಎಂಬುದನ್ನು ಪುಸ್ತಕ ಮರೆಮಾಚುವುದೂ ಇಲ್ಲ. 13:1ರಲ್ಲಿ ಗದರಿಕೆಗೆ ಕಿವಿಗೊಡದ ಕುಚೋದ್ಯಗಾರ ಇದ್ದಾನೆ, 15:5ರಲ್ಲಿ ತಂದೆಯ ಉಪದೇಶ ಧಿಕ್ಕರಿಸುವ ಮೂರ್ಖ ಇದ್ದಾನೆ. ಅಲ್ಲಿ ತಪ್ಪು ಹೊರಿಸಿರುವುದು ಕೇಳದವನ ಮೇಲೆ, ಹೇಳಿದವರ ಮೇಲಲ್ಲ.

ಇದಕ್ಕಿಂತ ನೇರವಾದ ಸಾಕ್ಷ್ಯ ಪುಸ್ತಕದ ತಲೆಬರಹದಲ್ಲೇ ಇದೆ. 10:1ರಿಂದ 22:16ರವರೆಗಿನ ಭಾಗಕ್ಕೆ ‘ಸೊಲೊಮೋನನ ಗಾದೆಗಳು’ ಎಂಬ ಶೀರ್ಷಿಕೆ. ಅದರಲ್ಲಿ 375 ಪದ್ಯಗಳಿವೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆ ಇಟ್ಟು ಶ್ಲೋಮೋ ಎಂಬ ಹೆಸರನ್ನು ಕೂಡಿದರೂ ಬರುವುದು 375. ಹೀಗೆ ಎಣಿಸಿ ಅವನ ಹೆಸರಿಗೆ ಕಟ್ಟಿದ ಸಂಗ್ರಹದೊಳಗೆ ‘ಮುದುಕನಾದರೂ ಸರಿಯನು’ ಎಂಬ ಸಾಲಿದೆ. ಅರಸುಗಳ ಪುಸ್ತಕವೋ (1 ಅರಸುಗಳು 11:4) ಸೊಲೊಮೋನ ಮುದುಕನಾದ ಕಾಲದಲ್ಲೇ ಅವನ ಹೃದಯ ಬೇರೆ ದೇವರುಗಳ ಕಡೆ ತಿರುಗಿತು ಎನ್ನುತ್ತದೆ. ‘ಮುಪ್ಪು’ ಎಂಬುದಕ್ಕೆ ಎರಡೂ ಕಡೆ ಒಂದೇ ಧಾತು. ಎರಡು ಪುಸ್ತಕಗಳನ್ನೂ ಒಂದೇ ಪವಿತ್ರಗ್ರಂಥದೊಳಗೆ ಕಾಪಾಡಿದವರು ಈ ಗಾದೆಯನ್ನು ತಪ್ಪದ ಕರಾರೆಂದು ಓದಿರಲಾರರು.

ಅನುವಾದಕ್ಕೆ ಕನ್ನಡದ ‘ಹಚ್ಚು’ ನನಗೆ ಸರಿಯೆನಿಸುತ್ತದೆ. ಕೆಲಸಕ್ಕೆ ಹಚ್ಚು, ದಾರಿಗೆ ಹಚ್ಚು ಎನ್ನುತ್ತೇವೆ, ದೀಪವನ್ನೂ ಹಚ್ಚುತ್ತೇವೆ. ಆರಂಭ ಮತ್ತು ಬಳಕೆ ಎರಡೂ ಅದರಲ್ಲಿವೆ, ಬೆತ್ತ ಇಲ್ಲ. ‘ಯಾಸೂರ್’ ಪದಕ್ಕೆ ನಮ್ಮ ‘ಸರಿ’ ಕ್ರಿಯಾಪದವೇ ಸಾಕು. ಹೀಗೆ:

ಹುಡುಗನನ್ನು ಅವನ ದಾರಿಗೆ ತಕ್ಕಂತೆ ಹಚ್ಚು,
ಮುದುಕನಾದರೂ ಅದರಿಂದ ಸರಿಯನು.

ಒತ್ತುಗಳ ಲೆಕ್ಕ ಕೈಬಿಟ್ಟಿತು. ಮೊದಲ ಸಾಲಿನಲ್ಲಿ ಐದು ಪದ, ಎರಡನೆಯದರಲ್ಲಿ ಮೂರು. ‘ಅದರಿಂದ’ ಎಂಬಲ್ಲಿ ಸ್ತ್ರೀಲಿಂಗ ಕಾಣದು, ಆದರೂ ಅದು ದಾರಿಯನ್ನಷ್ಟೇ ತೋರಿಸುತ್ತದೆ, ಹುಡುಗನನ್ನಲ್ಲ. ‘ಅವನ ದಾರಿ’ ಯಾವುದೆಂಬ ಜಾಗವನ್ನು ಮೂಲದಲ್ಲಿರುವಂತೆಯೇ ಖಾಲಿ ಬಿಟ್ಟಿದ್ದೇನೆ.